ಲಸಿಕೆ ಯಾರಿಗೆ ಕಡ್ಡಾಯ?

ಪ್ರಶ್ನೆ: ಆಸ್ಪತ್ರೆಯ ಸಿಬ್ಬಂದಿಗೂ ರೋಗಿಗಳಿಗೂ ಲಸಿಕೆ ಕಡ್ಡಾಯವೇ?
– ಓದುಗರೊಬ್ಬರು, ಸರಸ್ವತಿ ನಗರ, ದಾವಣಗೆರೆ

ಉತ್ತರ: ಸಿಬ್ಬಂದಿಯ ವಿಷಯದಲ್ಲಿ ಕಾನೂನು ಹೊಣೆ ಹೊರಿಸಿರುವುದು ಆಸ್ಪತ್ರೆಯ ಆಡಳಿತದ ಮೇಲೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಆರೋಗ್ಯ ಸಿಬ್ಬಂದಿಗೂ ತ್ಯಾಜ್ಯ ಮುಟ್ಟುವ ಇತರರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಮುಂತಾದವುಗಳ ವಿರುದ್ಧ ಲಸಿಕೆ ಹಾಕಿಸಬೇಕು. ದೊಡ್ಡ ಆಸ್ಪತ್ರೆಯಿರಲಿ, ಗಲ್ಲಿಯ ಕ್ಲಿನಿಕ್ ಇರಲಿ, ನಿಯಮ ಒಂದೇ. ಏಕೆಂದರೆ ಬಳಸಿದ ಸೂಜಿ, ಅದಕ್ಕೆಂದೇ ಇಟ್ಟ ಬಿಳಿ ಡಬ್ಬಿಗೆ ಬೀಳುವ ಮೊದಲೇ ನರ್ಸ್ ಅಥವಾ ಕಸ ಒಯ್ಯುವ ಆಯಾಳ ಕೈಗೆ ಚುಚ್ಚಿಬಿಡಬಹುದು. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ತಿಂಗಳ ನಂತರ ಇನ್ನೊಂದು, ಆರನೇ ತಿಂಗಳಿಗೆ ಕೊನೆಯದು.

ರೋಗಿಗೆ ಇಂಥ ಕಟ್ಟುಪಾಡಿಲ್ಲ. ಕೋವಿಡ್ ಲಸಿಕೆಯನ್ನು ಯಾರಿಗೂ ಬಲವಂತವಾಗಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕೆಂಬುದು ವೈದ್ಯರ ಸಲಹೆ. ಅವರಿಗೆ ಡೋಸ್ ಪ್ರಮಾಣವೂ ಹೆಚ್ಚು.