ಸ್ಕ್ಯಾನ್‌ಗೆ ಸಿಗದ ಸದ್ದು: ಕಿವಿಮೊರೆತದ ನೆಲೆ ಮಿದುಳಿನಲ್ಲಿ

ಸುತ್ತಲೂ ನಿಶ್ಶಬ್ದ. ಆದರೂ ಕಿವಿಯಲ್ಲಿ ಜೀರುಂಡೆಯ ಕೂಗು, ಕುಕ್ಕರಿನ ಸೀಟಿ ಅಥವಾ ಹಳೆಯ ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ. ಇದೇ ವೈದ್ಯರು ಟಿನಿಟಸ್ ಎನ್ನುವ ಕಿವಿಮೊರೆತ. 2022ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯೊಂದರ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 14ರಷ್ಟು ಮಂದಿ ಇದನ್ನು ಅನುಭವಿಸುತ್ತಾರೆ; ಸುಮಾರು ಶೇ. 2ರಷ್ಟು ಮಂದಿಗೆ ಅದು ತೀವ್ರ ಬಾಧೆ.

ಸತತ ಗದ್ದಲ ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ನಾಶಪಡಿಸುತ್ತದೆ. ಆದ್ದರಿಂದ ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದಂತಹ ಕಡೆ ಲೇತ್, ಪವರ್ ಪ್ರೆಸ್‌ಗಳ ನಡುವೆ ಕಿವಿಗೆ ರಕ್ಷಣೆಯಿಲ್ಲದೆ ವರ್ಷಗಟ್ಟಲೆ ದುಡಿಯುವವರಿಗೆ ಅಪಾಯ ಹೆಚ್ಚು. ಆದರೆ ಹಾನಿ ಕಿವಿಯಲ್ಲಿ ಆರಂಭವಾದರೂ ಸದ್ದು ಹುಟ್ಟುವುದು ಅಲ್ಲಲ್ಲ. ಕಿವಿಯಿಂದ ಬರುವ ಸಂಕೇತ ಕ್ಷೀಣಿಸಿದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೋದ ವಾಲ್ಯೂಮ್ ಹೆಚ್ಚಿಸಿದಾಗ ಬರುವ ಕರಕರ ಸದ್ದಿನಂತೆ ಮೊರೆತ ಕೇಳುತ್ತದೆ ಎಂಬುದು ಪ್ರಮುಖ ವಿವರಣೆ.

ಇದಕ್ಕೆ ಪುಷ್ಟಿ ನೀಡಿದ್ದು ಮಿದುಳಿನ ಚಿತ್ರಣ. 1998ರಲ್ಲಿ ಅಮೆರಿಕದ ಬಫಲೋದಲ್ಲಿ ಅಲನ್ ಲಾಕ್‌ವುಡ್ ಮತ್ತು ಸಂಗಡಿಗರು, ಬಾಯಿ-ಮುಖದ ಚಲನೆಯಿಂದ ಮೊರೆತವನ್ನು ಏರಿಳಿಸಬಲ್ಲ ನಾಲ್ವರು ರೋಗಿಗಳನ್ನು ಪೆಟ್ ಸ್ಕ್ಯಾನ್‌ಗೆ ಒಳಪಡಿಸಿದರು. ಹೊರಗಿನ ಸ್ವರ ಕೇಳಿಸಿದಾಗ ಮಿದುಳಿನ ಎರಡೂ ಪಾರ್ಶ್ವಗಳು ಚುರುಕಾದವು. ಮೊರೆತ ಏರಿಳಿದಾಗ ಒಂದೇ ಪಾರ್ಶ್ವದಲ್ಲಿ ಬದಲಾವಣೆ ಕಂಡಿತು. ಸದ್ದು ಕಿವಿಯಿಂದ ಬರುತ್ತಿದ್ದರೆ ಹೀಗಾಗುತ್ತಿರಲಿಲ್ಲ.

2011ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡವು ಭಾವನೆಗಳಿಗೆ ಸಂಬಂಧಿಸಿದ ಭಾಗಗಳಲ್ಲೂ ವ್ಯತ್ಯಾಸ ಗುರುತಿಸಿತು. ಅನಗತ್ಯ ಸದ್ದನ್ನು ತಡೆಯುವ ಮಿದುಳಿನ 'ದ್ವಾರ' ಸರಿಯಾಗಿ ಮುಚ್ಚದಿರುವುದೇ ಮೊರೆತ ಉಳಿಯಲು ಕಾರಣವಿರಬಹುದೆಂಬುದು ಅವರ ವಾದ. ಆತಂಕ, ನಿದ್ರಾಹೀನತೆಗಳು ಕಿವಿಮೊರೆತದ ಜೊತೆಗೂಡುವುದೇಕೆ ಎಂಬುದಕ್ಕೂ ಇಲ್ಲಿ ಸುಳಿವಿದೆ.

ಈ ಸಂಶೋಧನೆಗೆ ತೊಡಕುಗಳೂ ಉಂಟು. ಎಂಆರ್‌ಐ ಯಂತ್ರವೇ ಕಿವಿಗಡಚಿಕ್ಕುವಷ್ಟು ಸದ್ದು ಮಾಡುತ್ತದೆ. ಮಿದುಳಿನ ಕಾಂತಕ್ಷೇತ್ರವನ್ನು ಸದ್ದಿಲ್ಲದೆ ಅಳೆಯುವ ಎಂಇಜಿ ಉಪಕರಣ ಇದಕ್ಕೊಂದು ಪರ್ಯಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಸೌಲಭ್ಯವಿದೆ. ಇನ್ನು, ಫಲಿತಾಂಶಗಳು ಗುಂಪುಗಳ ಸರಾಸರಿಯೇ ಹೊರತು ಒಬ್ಬ ರೋಗಿಯ ಮೊರೆತವನ್ನು ತೋರಿಸಬಲ್ಲ ಚಿತ್ರ ಇನ್ನೂ ಇಲ್ಲ.

ರೋಗಿಗಳು ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಮೊರೆತ ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಮಿಡಿತದಂತೆ ಬಡಿಯುತ್ತಿದ್ದರೆ, ಶ್ರವಣನರದ ಗಡ್ಡೆ, ರಕ್ತನಾಳದ ದೋಷಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಸ್ಕ್ಯಾನ್ ಬರೆಯುತ್ತಾರೆ. ವರದಿ 'ನಾರ್ಮಲ್' ಎಂದು ಬಂದರೆ ಅಂತಹ ಕಾಯಿಲೆ ಇಲ್ಲವೆಂದರ್ಥ. ರೋಗಿ ಕೇಳುತ್ತಿರುವ ಸದ್ದು ಸುಳ್ಳೆಂದಲ್ಲ. ಮನೆಯವರು 'ಬರೀ ಭ್ರಮೆ' ಎಂದು ತಳ್ಳಿಹಾಕುವುದೂ ಸಲ್ಲದು.

ಮೊರೆತವನ್ನು ಸಂಪೂರ್ಣ ಅಳಿಸುವ ಔಷಧ ಇನ್ನೂ ಲಭ್ಯವಿಲ್ಲ. ಆದರೆ ಶ್ರವಣದೋಷವಿದ್ದವರಿಗೆ ಶ್ರವಣಸಾಧನ ನೆರವಾಗುತ್ತದೆ. ಮೊರೆತಕ್ಕೆ ಮನಸ್ಸು ಸ್ಪಂದಿಸುವ ರೀತಿಯನ್ನು ಬದಲಿಸುವ ಆಪ್ತಚಿಕಿತ್ಸೆ ಅದರ ಬಾಧೆಯನ್ನು ತಗ್ಗಿಸುತ್ತದೆ. ದುಬಾರಿ ಸ್ಕ್ಯಾನ್‌ಗೆ ಧಾವಿಸುವ ಮುನ್ನ ಕಿವಿ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಲಭ್ಯ. ಮೊರೆತದೊಂದಿಗೆ ಕಿವಿ ಹಠಾತ್ತನೆ ಕೇಳಿಸದಂತಾದರೆ ಮಾತ್ರ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಬೇಕು.