ಕಿಟಕಿಯಿಂದ ಟ್ಯೂಬ್‌ಲೈಟಿಗೆ ಎರಡೇ ಹೆಜ್ಜೆ!

ಗಾಜಿನ ಸೀಸೆಯೊಳಗೆ ಒಂದಿಷ್ಟು ಹರಳುಪ್ಪು. ಕಿಟಕಿಯ ಬಿಸಿಲಿಗೆ ಹಿಡಿಯಿರಿ. ಆಹಾ, ತಿಳಿ ನೇರಳೆ! ಈಗ ಎರಡು ಹೆಜ್ಜೆ ಒಳಗೆ ಬನ್ನಿ, ಟ್ಯೂಬ್‌ಲೈಟಿನ ಕೆಳಗೆ. ಏನಾಯಿತು, ಹೇಳಿ ನೋಡೋಣ?

ನೇರಳೆ ಮಾಯ! ಸೀಸೆಯಲ್ಲೀಗ ಮಂದ ಹಳದಿ! ಮುಚ್ಚಳ ತೆಗೆದಿಲ್ಲ. ಏನನ್ನೂ ಬೆರೆಸಿಲ್ಲ. ಕಿಟಕಿಗೆ ಮರಳಿದರೆ, ಮತ್ತೆ ನೇರಳೆ!

ಇದು ನಿಯೋಡಿಮಿಯಂ ಕ್ಲೋರೈಡ್, ವಿರಳ ಭೂಲೋಹವೊಂದರ ಉಪ್ಪು. ಬೆಳಕಿನಲ್ಲಿ 580 ನ್ಯಾನೊಮೀಟರಿನ ಆಸುಪಾಸಿನ ಹಳದಿ ಪಟ್ಟಿಯನ್ನು ಕತ್ತರಿಸಿ ನುಂಗುತ್ತದೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಳದಿ ಹೋದರೆ ನೇರಳೆ ಉಳಿಯುತ್ತದೆ. ಟ್ಯೂಬ್‌ಲೈಟಿನಲ್ಲಿ ಪ್ರಖರವಾಗಿರುವುದು ಕೆಲವೇ ಬಣ್ಣಗೆರೆಗಳು. ಅದರಲ್ಲಿ ಉಪ್ಪು ನುಂಗಿ ಬಿಟ್ಟದ್ದು ಬೇರೆಯದೇ ಬಣ್ಣ!

ನಿಯೋಡಿಮಿಯಂಗೊಂದು ಅವಳಿಯೂ ಉಂಟು! ಡಿಡಿಮಿಯಂ ಎಂಬ ವಸ್ತುವನ್ನು ಒಂದೇ ಧಾತುವೆಂದು 40 ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. 1885ರಲ್ಲಿ ವಿಯೆನ್ನಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಅದನ್ನು ಸೀಳಿದ. ಒಂದು ನಿಯೋಡಿಮಿಯಂ, ಅಂದರೆ ಹೊಸ ಅವಳಿ. ಇನ್ನೊಂದು ಪ್ರೇಸಿಯೋಡಿಮಿಯಂ, ಹಸಿರು ಅವಳಿ. ಅದರ ಉಪ್ಪು ನಿಜಕ್ಕೂ ಹಸಿರು!

ನಮ್ಮ ನಿಯೋಡಿಮಿಯಂ ಉಪ್ಪನ್ನು ಮಾಡುವುದು ಹೇಗೆ? ಆಕ್ಸೈಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಆವಿಯಾಗಿಸಿ. ಹರಳು ಸಿದ್ಧ! ಆದರೆ ಒಂದೊಂದು ನಿಯೋಡಿಮಿಯಂಗೂ 6 ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ನೀರಿಲ್ಲದ ಉಪ್ಪು ಸಿಕ್ಕರೆ 758 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ವಿದ್ಯುತ್ ಹರಿಸಿ, ಲೋಹವನ್ನೇ ಪಡೆಯಬಹುದು.

ಹಾಗಾದರೆ ಸುಮ್ಮನೆ ಕಾಯಿಸಿದರಾಯಿತು, ಅಲ್ಲವೇ? ಇಲ್ಲ! ಹೊರಡುವ ನೀರು ಬರಿಗೈಯಲ್ಲಿ ಹೊರಡುವುದಿಲ್ಲ. ಕ್ಲೋರಿನನ್ನು ಆಮ್ಲದ ಆವಿಯಾಗಿಸಿ ಹಾರಿಸುತ್ತದೆ, ತನ್ನ ಆಕ್ಸಿಜನನ್ನು ಬಿಟ್ಟುಹೋಗುತ್ತದೆ. ಉಳಿಯುವುದು ಆಕ್ಸಿಕ್ಲೋರೈಡ್. ಶ್ರಮವೆಲ್ಲ ವ್ಯರ್ಥ!

ಕಾಪಾಡುವವರು ಯಾರು? ಊಹಿಸಿ. ನಿಮ್ಮ ಅಜ್ಜಿಗೆ ಗೊತ್ತಿರುವ ವಸ್ತು!

ನವಸಾಗರ! ಕಲಾಯಿಯವನು ಕಾದ ಹಿತ್ತಾಳೆ ಪಾತ್ರೆಗೆ ಚಿಟಿಕೆ ಉದುರಿಸಿದೊಡನೆ ಬಿಳಿ ಹೊಗೆ ಏಳುತ್ತದಲ್ಲ, ಅದೇ ಅಮೋನಿಯಂ ಕ್ಲೋರೈಡ್! ನನಗಂತೂ ಇಲ್ಲಿ ಮೈ ಜುಮ್ಮೆಂದಿತು. ಕಾದಾಗ ಅದು ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ಆ ಆವಿ ಪಾತ್ರೆಯ ಮೇಲಿನ ಆಕ್ಸೈಡನ್ನು ಕೀಳುತ್ತದೆ. ಪ್ರಯೋಗಾಲಯದಲ್ಲೂ ಅದಕ್ಕೆ ಅದೇ ಕೆಲಸ! ಆಕ್ಸೈಡಿಗೆ ನೆಲೆ ಕೊಡುವುದಿಲ್ಲ, ಕಳೆದ ಕ್ಲೋರಿನನ್ನು ತಂದುಕೊಡುತ್ತದೆ. ಮಿಕ್ಕ ನವಸಾಗರ ಕೊನೆಗೆ ತಾನೇ ಹೊಗೆಯಾಗಿ ಹೊರಟುಹೋಗುತ್ತದೆ.

ಗೆದ್ದೆವು! ಒಣಗಿದ ಉಪ್ಪು ಕೈಗೆ ಬಂತು! ಈಗ ಮುಚ್ಚಳ ತೆರೆದಿಟ್ಟು ನೋಡಿ. ಗಾಳಿಯ ತೇವವನ್ನು ಗಟಗಟ ಕುಡಿಯುತ್ತದೆ. ಎಷ್ಟು ಅಣು?

ಮತ್ತೆ ಅದೇ 6!