ಅರಿವೆ ಗೊಂಬೆ

ಅರಿವೆ ಗೊಂಬೆ ಅಥವಾ ಬಟ್ಟೆ ಗೊಂಬೆಯು ಬಟ್ಟೆಯನ್ನು ಹೊಲಿದು, ಒಳಗೆ ಹತ್ತಿ ಅಥವಾ ಚಿಂದಿ ತುಂಬಿ ತಯಾರಿಸುವ ಮೃದುವಾದ ಆಟಿಕೆ. ಉಡುಪನ್ನು ಬೇರೆಯಾಗಿ ಹೊಲಿದಿದ್ದರೆ ಮಗು ಅದನ್ನು ತೊಡಿಸಿ, ಕಳಚಿ ಆಡುತ್ತದೆ. ಇದರಿಂದ ಬೆರಳುಗಳ ಹಿಡಿತವು ರೂಢಿಯಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಪಾದ ಫೇಟಿಯಾ (ಲಂಗ) ಹಾಗೂ ಕಾಂಚಳಿಗಳ (ರವಿಕೆ) ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ಕಸೂತಿ ಹಾಕಲಾಗುತ್ತದೆ. ಕೂಡ್ಲಿಗಿಯ ನೆರೆಯ ತಾಲ್ಲೂಕಾದ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಂತಹ ಉಡುಪಿನ ಗೊಂಬೆಯು ಅಲಂಕಾರಕ್ಕೆ ಒಪ್ಪುತ್ತದೆಯಾದರೂ ಎಳೆಯ ಮಕ್ಕಳ ಆಟಕ್ಕೆ ತಕ್ಕುದಲ್ಲ.

ಸುರಕ್ಷತೆ

ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತಾರೆ. ಕಿತ್ತುಬಂದ ಗುಂಡಿ, ಮಣಿ, ಕವಡೆಗಳು ಗಂಟಲಲ್ಲಿ ಸಿಲುಕಿ ಉಸಿರುಗಟ್ಟಿಸಬಹುದು. ಕನ್ನಡಿ ಚೂರು ಗಾಯ ಮಾಡಬಹುದು. ಉದ್ದನೆಯ ಲಾಡಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಆದ್ದರಿಂದ ಗೊಂಬೆಯ ಕಣ್ಣು, ಬಾಯಿಗಳನ್ನು ದಾರದಿಂದಲೇ ಮೂಡಿಸಿ, ಕನ್ನಡಿಯ ಜಾಗದಲ್ಲಿ ಬಣ್ಣದ ಬಟ್ಟೆಯ ತುಂಡನ್ನು, ಗುಂಡಿಯ ಬದಲು ವೆಲ್ಕ್ರೋ ಪಟ್ಟಿಯನ್ನು ಹೊಲಿಯುವುದು ಸೂಕ್ತ.

ಭಾರತದಲ್ಲಿ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳ ತಯಾರಿಕೆಗಳಿಗೆ ಇದರಿಂದ ವಿನಾಯಿತಿಯಿದೆ. ಮನೆಯಲ್ಲಿ ಹೊಲಿದ ಗೊಂಬೆಗೂ ಮುದ್ರೆ ಇರುವುದಿಲ್ಲ. ಹೀಗಾಗಿ ಕೈಯಿಂದ ಮಾಡಿದ ಗೊಂಬೆಯನ್ನು ಮಗುವಿಗೆ ಕೊಡುವ ಮುನ್ನ ಪ್ರತಿಯೊಂದು ಹೊಲಿಗೆಯನ್ನೂ ಎಳೆದು ಪರೀಕ್ಷಿಸುವುದು ಅಗತ್ಯ.